‘ಹೊಟ್ಟೆ’ ಎಂಬ ಶಬ್ದವೂ ಉದರದರ್ಶಕ ಶಸ್ತ್ರಚಿಕಿತ್ಸೆಯೂ

ಕನ್ನಡದಲ್ಲಿ ‘ಹೊಟ್ಟೆ’ ಎಂಬ ಶಬ್ದವು ಬಹ್ವರ್ಥವುಳ್ಳದ್ದು. ಹೊಟ್ಟೆ ಹಸಿಯಿತೆಂದರೆ ಜಠರವು, ಹೊಟ್ಟೆಯಲ್ಲಿ ಹುಟ್ಟಿದ ಮಗನೆಂದರೆ ಗರ್ಭಾಶಯವು, ಹೊಟ್ಟೆಗೆ ಬಟ್ಟೆ ಸುತ್ತಿದನೆಂದರೆ ಹೊರಗಿನ ಭಿತ್ತಿಯು ಅಭಿಪ್ರೇತವಾಗುತ್ತದೆ. ಲೋಕವ್ಯವಹಾರಕ್ಕೆ ಇದರಿಂದ ಬಾಧಕವಿಲ್ಲ. ಆದರೆ ಬೆಂಗಳೂರಿನ ಹೊಸಕೆರೆಹಳ್ಳಿಯ ಒಬ್ಬ ಗೃಹಸ್ಥನು ಪಿತ್ತಕೋಶದ ಕಲ್ಲಿಗಾಗಿ ಲ್ಯಾಪರಾಸ್ಕೋಪಿಯ ಒಪ್ಪಿಗೆಪತ್ರಕ್ಕೆ ರುಜು ಹಾಕುವಾಗ ‘ಹೊಟ್ಟೆಯಲ್ಲಿ ಸಣ್ಣ ರಂಧ್ರ’ ಎಂಬಷ್ಟೇ ವಿವರಣೆ ದೊರೆತರೆ, ಆತನು ಒಪ್ಪಿದುದು ಯಾವುದಕ್ಕೆಂಬುದು ವಿಚಾರಾರ್ಹವಾಗಿದೆ.

‘ಸಣ್ಣ ರಂಧ್ರ’ವೆಂಬುದು ಚರ್ಮದ ಮಟ್ಟಿಗೆ ನಿಜ, ಆಳದ ವಿಷಯದಲ್ಲಿ ಅದು ಮೌನ. ಉಪಕರಣವು ಚರ್ಮ, ಕೊಬ್ಬು, ತಂತುಪೊರೆ, ಉದರಪೊರೆಗಳನ್ನು ದಾಟಬೇಕು. ನಾಭಿಯಲ್ಲಿ ಭಿತ್ತಿಯು ತೆಳುವಾದುದರಿಂದ ಅಲ್ಲಿ ಪ್ರವೇಶವು ಸುಲಭ. ಆದರೆ ಮಹಾಧಮನಿಯು ಇಬ್ಭಾಗವಾಗುವ ನಾಲ್ಕನೆಯ ಕಟಿಕಶೇರುವೂ ಸುಮಾರಾಗಿ ಅದೇ ಮಟ್ಟದಲ್ಲಿದೆ. ಕೃಶಶರೀರದವರಲ್ಲಿ ಇವೆರಡರ ಅಂತರವು ಕೆಲವೇ ಸೆಂಟಿಮೀಟರು. ಸುಶ್ರುತಸಂಹಿತೆಯು ನಾಭಿಯನ್ನು ಸದ್ಯಃಪ್ರಾಣಹರ ಮರ್ಮಗಳಲ್ಲಿ ಎಣಿಸಿ, ಬದ್ಧಗುದೋದರದಲ್ಲಿ ನಾಭಿಯ ಕೆಳಗೆ, ರೋಮರಾಜಿಗೆ ನಾಲ್ಕಂಗುಲ ಎಡಕ್ಕೆ ಪಾಟನವನ್ನು ವಿಧಿಸುತ್ತದೆ. ಅದರ ಕಾರಣಗಳೂ ಇಂದಿನ ಶಾರೀರಶಾಸ್ತ್ರದ ಕಾರಣಗಳೂ ಒಂದೇ ಎಂದು ಸಾಧಿಸಹೊರಡುವುದು ಪಾಂಡಿತ್ಯವಲ್ಲ. ಸ್ಥಾನನಿರ್ದೇಶದಲ್ಲಿ ಅದು ತೋರಿದ ಖಚಿತತೆಯು ಮಾತ್ರ ಅನುಕರಣೀಯವಾದುದು.

ಇಂದಿನ ಎಚ್ಚರಿಕೆಗಳೂ ಇಂತಹ ಖಚಿತತೆಯ ಫಲವೇ. ಇಂಗಾಲಾಮ್ಲ ವಾಯುವನ್ನು ಸಾಮಾನ್ಯವಾಗಿ 12-15 ಮಿಲಿಮೀಟರು ಪಾದರಸದ ಒತ್ತಡದಲ್ಲಿ ತುಂಬಿ ಭಿತ್ತಿಯನ್ನು ಮೇಲೆತ್ತುವರು. ಕಣ್ಣಿಗೆ ಕಾಣುವಂತೆ ಭಿತ್ತಿಯನ್ನು ತೆರೆದು ಪ್ರವೇಶಿಸುವ ಕ್ರಮವನ್ನು ಹ್ಯಾಸನ್ನನು 1971ರಲ್ಲಿ ಪ್ರಕಟಿಸಿದನು. ಹಿಂದೆ ಶಸ್ತ್ರಕ್ರಿಯೆಯಾಗಿದ್ದರೆ ಕರುಳು ಭಿತ್ತಿಗೆ ಅಂಟಿಕೊಂಡಿರಬಹುದಾದುದರಿಂದ ಎಡಪಕ್ಕೆಲುಬುಗಳ ಕೆಳಗಿನಿಂದ ಪ್ರವೇಶಿಸುವುದುಂಟು. ಪಿತ್ತಕೋಶವನ್ನು ತೆಗೆಯುವಾಗ, ಅದನ್ನು ಸೇರುವ ಎರಡೇ ರಚನೆಗಳು ಸ್ಪಷ್ಟವಾಗಿ ಕಾಣುವವರೆಗೆ ಏನನ್ನೂ ಕತ್ತರಿಸಬಾರದೆಂಬ ನಿಯಮವನ್ನು ಸ್ಟ್ರಾಸ್‌ಬರ್ಗ್ ಮತ್ತು ಸಹಕಾರಿಗಳು 1995ರಲ್ಲಿ ನಿರೂಪಿಸಿದರು. ಮುಖ್ಯ ಪಿತ್ತನಾಳವನ್ನು ಭ್ರಮೆಯಿಂದ ಕತ್ತರಿಸುವ ಅನರ್ಥವನ್ನು ತಡೆಯುವುದೇ ಇದರ ಉದ್ದೇಶ. ಹಾಗೆ ಕಾಣದಿದ್ದಾಗ ಉದರವನ್ನು ತೆರೆಯುವುದು ವಿವೇಕದ ಒಂದು ಮಾರ್ಗ. ಅದನ್ನೇ ಜನರು ‘ಆಪರೇಷನ್ ಕೆಟ್ಟು ಹೊಟ್ಟೆ ಕೊಯ್ದರು’ ಎನ್ನುವರು. ರಂಧ್ರದ ಸಣ್ಣತನವನ್ನೇ ಹೊಗಳಿದ ಭಾಷೆಗೆ ಈ ಅಪಾರ್ಥವು ಸಹಜವಾದ ಪರಿಣಾಮ.

ಶಬ್ದದ ಸಡಿಲತೆಯು ನ್ಯಾಯಸ್ಥಾನದವರೆಗೂ ಮುಟ್ಟುವ ವಿಷಯ. ರೋಗಪರೀಕ್ಷೆಯ ಲ್ಯಾಪರಾಸ್ಕೋಪಿಗೆ ಕೊಟ್ಟ ಒಪ್ಪಿಗೆಯು ಗರ್ಭಾಶಯವನ್ನು ತೆಗೆಯುವುದಕ್ಕೆ ಒಪ್ಪಿಗೆಯಾಗದೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಮಾನಿಸಿತು. ಎರಡೂ ‘ಹೊಟ್ಟೆಯ ಆಪರೇಷನ್ನೇ’ ಎಂಬ ಸಮಾಧಾನವು ಇಲ್ಲಿ ನಿಲ್ಲಲಾರದು.

‘ಹೊಟ್ಟೆ’ಯನ್ನು ಬಹಿಷ್ಕರಿಸಬೇಕೆಂದು ಇದರ ತಾತ್ಪರ್ಯವಲ್ಲ, ರೋಗಿಗೆ ತಿಳಿಯುವ ಮಾತು ಅದೇ. ಅದರೊಡನೆ ಉದರಭಿತ್ತಿ, ಜಠರ, ಕರುಳು, ಪಿತ್ತಕೋಶ, ಗರ್ಭಾಶಯಗಳಲ್ಲಿ ಯಾವುದೆಂಬುದನ್ನೂ, ಒಳಗೆ ಯಾವುದಕ್ಕೆ ಗಾಯವಾಗಬಹುದೆಂಬುದನ್ನೂ, ಉದರವನ್ನು ತೆರೆಯಬೇಕಾಗಿ ಬರಬಹುದೆಂಬುದನ್ನೂ ಒಪ್ಪಿಗೆಪತ್ರವು ಹೇಳತಕ್ಕದ್ದು. ರೋಗಿಯೂ ತನ್ನ ಹಳೆಯ ಶಸ್ತ್ರಕ್ರಿಯೆಗಳನ್ನು ವೈದ್ಯನಿಗೆ ತಿಳಿಸತಕ್ಕದ್ದು. ಅರ್ಥವು ಸ್ಪಷ್ಟವಾಗದ ರುಜುವು ಒಪ್ಪಿಗೆಯೆನಿಸದು.