ಮಂದಣ್ಣನ ಕಣ್ಣು ಮತ್ತು ಕಡಲಾಮೆಯ ಹೆಜ್ಜೆ

ಕ್ಷೇತ್ರಕಾರ್ಯ ಎಂದರೇನು ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಎರಡು ಕನ್ನಡ ಪುಸ್ತಕಗಳ ಹೆಸರು ಹೇಳುತ್ತೇನೆ. ಒಂದು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’. ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ಶಿಷ್ಯರನ್ನು ಕಟ್ಟಿಕೊಂಡು ಕಾಡು ಅಲೆದ ಈ ಕಥನಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇನ್ನೊಂದು 1980ರಲ್ಲಿ ಬಂದ ತೇಜಸ್ವಿಯವರ ‘ಕರ್ವಾಲೊ’. ತುಮಕೂರು, ಗುಬ್ಬಿ, ಕುಣಿಗಲ್ಲಿನ ಓದುಗರ ನಡುವೆ ಇವುಗಳ ಮಾತು ಬಂದಾಗಲೆಲ್ಲ ನಗೆ ಮತ್ತು ವಿಸ್ಮಯಗಳೇ ಮುಂದೆ ಬರುತ್ತವೆ. ಕೆಲಸ ಹಿಂದೆ ಸರಿಯುತ್ತದೆ. ಕಡಲಾಮೆಗಳ ಅಧ್ಯಯನದ ಪಕ್ಕದಲ್ಲಿಟ್ಟು ‘ಕರ್ವಾಲೊ’ವನ್ನು ಓದಿದರೆ ಆ ಕೆಲಸ ಕಣ್ಣಿಗೆ ಬೀಳುತ್ತದೆ ಎನ್ನುವುದು ನನ್ನ ವಾದ.

ಒಡಿಶಾದ ಗಹಿರ್‌ಮಾಥಾ, ಋಷಿಕುಲ್ಯ ತೀರಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಸಾವಿರಗಟ್ಟಲೆ ಒಟ್ಟಿಗೆ ಬಂದು ಮೊಟ್ಟೆಯಿಡುತ್ತವೆ. ನಮ್ಮ ಕರಾವಳಿಯಲ್ಲಿ ಹಾಗಿಲ್ಲ. ಇಲ್ಲೊಂದು ಗೂಡು, ಅಲ್ಲೊಂದು ಗೂಡು. ಆಮೆ ಬರುವುದು ರಾತ್ರಿ. ಸುಮಾರು ನೂರು ಮೊಟ್ಟೆಯಿಟ್ಟು, ಮರಳು ಮುಚ್ಚಿ, ಬೆಳಗಾಗುವುದರೊಳಗೆ ಕಡಲಿಗೆ ಮರಳುತ್ತದೆ. ಉಳಿಯುವುದು ಹೆಜ್ಜೆ ಮಾತ್ರ. ರಿಡ್ಲೆ ಎಡಬಲ ರೆಕ್ಕೆಗಾಲುಗಳನ್ನು ಒಂದಾದಮೇಲೊಂದು ಎತ್ತಿಡುವುದರಿಂದ ಅದರ ಜಾಡು ಏರುಪೇರು. ಹಸಿರು ಆಮೆ ಎರಡನ್ನೂ ಒಟ್ಟಿಗೆ ಊರುವುದರಿಂದ ಅದರ ಜಾಡು ಎರಡೂ ಬದಿಗೆ ಒಂದೇ ಸಮ. ಕೆಲವೊಮ್ಮೆ ಆಮೆ ದಡ ಹತ್ತಿ, ಮೊಟ್ಟೆಯಿಡದೆಯೇ ಹಿಂದಿರುಗುತ್ತದೆ. ಆ ಬರಿಗೈ ಭೇಟಿಯನ್ನೂ ದಿನಾಂಕ, ಹೊತ್ತು, ಜಾಗದ ಸಮೇತ ಬರೆದಿಡಬೇಕು.

ಬೆಳಗಿನ ಜಾವ ದೋಣಿಯ ಬಳಿಗೆ ಹೋಗುವ ಮೀನುಗಾರನಿಗೇ ಈ ಜಾಡು ಎಷ್ಟೋ ಸಲ ಮೊದಲು ಕಾಣುವುದು. ಇಲ್ಲಿ ನನಗೆ ಮಂದಣ್ಣ ನೆನಪಾಗುತ್ತಾನೆ. ಊರವರ ಲೆಕ್ಕದಲ್ಲಿ ಮಂದಣ್ಣ ಕೆಲಸಕ್ಕೆ ಬಾರದವನು. ಆದರೆ ಹಾರುವ ಓತಿಯನ್ನು ಕಂಡವನು ಅವನೇ. ಕರ್ವಾಲೊ ದೊಡ್ಡ ವಿಜ್ಞಾನಿ ಅನ್ನಿಸುವುದು ಅವರ ವಿದ್ವತ್ತಿನಿಂದಲ್ಲ, ಮಂದಣ್ಣನ ಮಾತನ್ನು ನಂಬಿ ಅವನ ಹಿಂದೆ ಹೊರಡುವ ವಿನಯದಿಂದ. ಮಂದಣ್ಣನನ್ನು ಬರೀ ಹಾಸ್ಯದ ಪಾತ್ರವಾಗಿ ಓದುವವರು ಕಾದಂಬರಿಯ ಅರ್ಧವನ್ನು ಕಳೆದುಕೊಳ್ಳುತ್ತಾರೆ.

ಆದರೂ ಕಾದಂಬರಿಯೊಡನೆ ನನಗೊಂದು ಜಗಳವಿದೆ. ಕೊನೆಯಲ್ಲಿ ಓತಿ ಕಣಿವೆಯೊಳಗೆ ತೇಲಿಹೋಗುತ್ತದೆ. ನಾವು ಅನಂತದೆದುರು ಬೆರಗಾಗಿ ನಿಲ್ಲುತ್ತೇವೆ. ಕಲೆಯಾಗಿ ಅದು ಎತ್ತರದ ಗಳಿಗೆ, ಒಪ್ಪುತ್ತೇನೆ. ಆದರೆ ಆ ಬೆರಗಿನ ಮರುದಿನ ಟಿಪ್ಪಣಿ ಪುಸ್ತಕ ತೆರೆದು ಕೂರುವವರು ಯಾರು? ಕನ್ನಡದ ಪರಿಸರ ಬರವಣಿಗೆಯನ್ನು ಅನುಕರಿಸುವ ಹೊಸಬರು ಆ ಕೊನೆಯ ಪುಟದ ಬೆರಗನ್ನಷ್ಟೇ ಎತ್ತಿಕೊಂಡಿದ್ದಾರೆ. ಸ್ವಾಮಿಯವರಿಂದ ಕಲಿಯಬೇಕಿದ್ದ ಪಾಠ ಬೇರೆ: ಗಿಡದ ಶಾಸ್ತ್ರೀಯ ಹೆಸರಿನ ಜೊತೆಗೇ ಜನ ಕರೆಯುವ ಹೆಸರು, ಅದರ ಬಳಕೆ, ಅದರ ಕಥೆ, ಎಲ್ಲವನ್ನೂ ದಾಖಲಿಸುವ ಚಟ.

ಆ ಚಟವಿದ್ದವರಲ್ಲಿ ಸತೀಶ್ ಭಾಸ್ಕರ್ ಒಬ್ಬರು. ಆಮೆಗಳ ಗೂಡು ಹುಡುಕುತ್ತಾ ಭಾರತದ ತೀರಗಳನ್ನು ಸಾವಿರಾರು ಕಿಲೋಮೀಟರ್ ನಡೆದವರು. 1982ರ ಮಳೆಗಾಲವನ್ನು ಲಕ್ಷದ್ವೀಪದ ಜನವಸತಿಯಿಲ್ಲದ ಸುಹೇಲಿಯಲ್ಲಿ ಒಬ್ಬರೇ ಕಳೆದರು. ಅವರ ದುಡಿಮೆಯ ಫಲ ಸಮೀಕ್ಷೆಯ ವರದಿಗಳು. ಅಲಂಕಾರವಿಲ್ಲದ, ಎಣಿಕೆಯ ಗದ್ಯ. ಚೆನ್ನೈನಲ್ಲಿ 1988ರಿಂದ ವಿದ್ಯಾರ್ಥಿಗಳ ಜಾಲವೊಂದು ಪ್ರತಿ ಋತುವಿನಲ್ಲೂ ರಾತ್ರಿ ತೀರ ನಡೆಯುತ್ತಾ ಬಂದಿದೆ. ಅಲ್ಲಿ ಕಲಿಯುವುದೂ ಇದನ್ನೇ. ಮೊಟ್ಟೆಗಳನ್ನು ಬೇರೆಡೆ ಹೂಳಬೇಕಾದರೆ ಕೆಲವೇ ಗಂಟೆಗಳೊಳಗೆ, ಮಗುಚದಂತೆ ಸಾಗಿಸಬೇಕು. ಮರಳಿನ ಬಿಸಿ ಹೆಚ್ಚಿದರೆ ಹೆಣ್ಣು ಮರಿಗಳು, ಇಳಿದರೆ ಗಂಡು. ಹಾಗಾಗಿ ಗುಂಡಿಯ ಆಳ, ನೆರಳು, ಎಲ್ಲಕ್ಕೂ ಲೆಕ್ಕ ಬೇಕು. ಮರಿ ಹೊರಬರಲು 45ರಿಂದ 60 ದಿನ. ಮರಿ ಬಿಡುವ ದಿನ ಫೋಟೊ ತೆಗೆಸಿಕೊಳ್ಳಲು ಬರುವವರಿಗೆ ಈ ನಡುವಿನ ದಿನಗಳು ಕಾಣುವುದಿಲ್ಲ.

ಲೆಕ್ಕಕ್ಕೆ ಯಾಕಿಷ್ಟು ಬೆಲೆ? ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರು ಯೋಜನೆಯನ್ನು ವಿರೋಧಿಸಿದ ಮೀನುಗಾರರು ತಮ್ಮ ಬದುಕಿನ ಜೊತೆಗೆ, ಇದು ಕಡಲಾಮೆ ಮೊಟ್ಟೆಯಿಡುವ ಮರಳು ಎಂದೂ ವಾದಿಸಿದರು. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ರಿಡ್ಲೆಗೆ ರಕ್ಷಣೆಯಿದೆ. ಆದರೆ ಕಡತಕ್ಕೆ ಬಾರದ ಗೂಡು ಅಂಥ ವಾದದಲ್ಲಿ ಇಲ್ಲದ ಗೂಡೇ. ಮಂದಣ್ಣ ಕಂಡರೆ ಸಾಲದು. ಅವನು ಕಂಡದ್ದು ಅವನ ಹೆಸರಿನಲ್ಲೇ ಬರಹಕ್ಕಿಳಿಯಬೇಕು.

ತುಮಕೂರಿನಲ್ಲಿ ಹೊರಟ ಹಳೆಯ 206ನೇ ರಾಷ್ಟ್ರೀಯ ಹೆದ್ದಾರಿ ಗುಬ್ಬಿ, ಶಿವಮೊಗ್ಗ ಹಾದು ಮುಗಿಯುತ್ತಿದ್ದದ್ದು ಹೊನ್ನಾವರದಲ್ಲಿ. ಕುಣಿಗಲ್ಲಿನ ಹೆದ್ದಾರಿ ಮಂಗಳೂರು ಮುಟ್ಟುತ್ತದೆ. ಕಡಲು ನಮಗೆ ಅಷ್ಟೇನೂ ಪರಕೀಯವಲ್ಲ. ಆದರೆ ಬಸ್ಸು ಹತ್ತುವ ಮೊದಲು ಒಂದು ತಿಂಗಳು ಗುಬ್ಬಿಯ ಕೆರೆಯದೋ ಕುಣಿಗಲ್ಲಿನ ದೊಡ್ಡಕೆರೆಯದೋ ಏರಿಯ ಮೇಲೆ ದಿನವೂ ಒಂದೇ ಹೊತ್ತಿಗೆ ನಡೆದು, ಕಂಡದ್ದನ್ನು ಬರೆಯಿರಿ. ಏನೂ ಕಾಣದ ದಿನ ‘ಏನೂ ಕಾಣಲಿಲ್ಲ’ ಎಂದೇ ಬರೆಯಿರಿ. ಏರಿಯ ಮೇಲೆ ದನ ಮೇಯಿಸುವವರು ಏನಾದರೂ ತೋರಿಸಿದರೆ ಅವರ ಹೆಸರು ಕೇಳಿ ಬರೆದುಕೊಳ್ಳಿ. ಆಮೇಲೆ ‘ಕರ್ವಾಲೊ’ವನ್ನು ಇನ್ನೊಮ್ಮೆ ಓದಿ.