ಮೂವತ್ತು ಮಕ್ಕಳಿಗೊಂದೇ ಯಂತ್ರ

ಕಂಪ್ಯೂಟರಿನ ಪಾತ್ರದಾಟಗಳಲ್ಲಿ ಗಣಿತ ಎಲ್ಲಿ ಅಡಗಿರುತ್ತದೆ ಎಂಬುದು ಈ ವಾರದ ವಿಷಯ. ‘ಕಲಿಕೆಯ ಆಟ’ ಎಂಬ ಹಣೆಪಟ್ಟಿ ಹೊತ್ತು ಬರುವ ಮಗ್ಗಿ ಆ್ಯಪ್‌ಗಳ ಮೇಲೆ ಈ ಅಂಕಣಕ್ಕಿರುವ ತಕರಾರು ಹಳೆಯದು. 1983ರ ‘ಮ್ಯಾಥ್ ಬ್ಲಾಸ್ಟರ್’ನಿಂದ ಇಂದಿನವರೆಗೆ ಆ ಮನೆತನದ ಆಟಗಳದು ಒಂದೇ ಕ್ರಮ: ಪ್ರಶ್ನೆ, ಉತ್ತರ, ಬಹುಮಾನ. ಏಳೆಂಟಲ ಎಷ್ಟು ಎಂದು ಕೇಳುವ ಕಡೆ ಫ್ರಾನ್ಸಿನ ರಾಜಧಾನಿ ಯಾವುದೆಂದು ಕೇಳಿದರೂ ಆಟ ಒಂದಿಷ್ಟೂ ಬದಲಾಗುವುದಿಲ್ಲ. ಲೆಕ್ಕಕ್ಕೂ ಆಟಕ್ಕೂ ಅಲ್ಲಿ ಸಂಬಂಧವೇ ಇಲ್ಲ.

‘ದಿ ಆರೆಗಾನ್ ಟ್ರೇಲ್’ನಲ್ಲಿ ಆ ಸಂಬಂಧವಿದೆ. ಮಿನಿಯಾಪೊಲಿಸ್‌ನಲ್ಲಿ ಇತಿಹಾಸದ ಪಾಠ ಮಾಡುತ್ತಿದ್ದ ತರಬೇತಿ ಶಿಕ್ಷಕ ಡಾನ್ ರಾವಿಚ್, ಜೊತೆಯಲ್ಲಿ ವಾಸವಿದ್ದ ಗಣಿತದ ಇಬ್ಬರು ತರಬೇತಿ ಶಿಕ್ಷಕರಾದ ಬಿಲ್ ಹೈನೆಮನ್ ಮತ್ತು ಪಾಲ್ ಡಿಲೆನ್‌ಬರ್ಗರ್ ಅವರೊಂದಿಗೆ 1971ರಲ್ಲಿ ಕಟ್ಟಿದ ಆಟವಿದು. 1978ರಲ್ಲಿ ಅಚ್ಚಾದ ಅದರ ಪ್ರೋಗ್ರಾಮನ್ನು ಓದಿದರೆ ಆಡಿದಷ್ಟೇ ಸುಖ. ಕಾಲ 1847. ಐದು ಮಂದಿಯ ಸಂಸಾರ ಮಿಸೌರಿಯ ಇಂಡಿಪೆಂಡೆನ್ಸ್ ಊರಿನಿಂದ ಆರೆಗಾನ್ ಸಿಟಿಗೆ ಎತ್ತಿನ ಬಂಡಿಯಲ್ಲಿ ಹೊರಟಿದೆ. ದಾರಿ 2040 ಮೈಲಿ, ಬದುಕಿ ಉಳಿದರೆ ಐದಾರು ತಿಂಗಳ ಪಯಣ. ಕೂಡಿಟ್ಟ 900 ಡಾಲರಿನಲ್ಲಿ 200 ಆಗಲೇ ಬಂಡಿಗೆ ಹೋಗಿದೆ. ಉಳಿದ 700ರಲ್ಲಿ ಎತ್ತು, ಆಹಾರ, ಮದ್ದುಗುಂಡು, ಬಟ್ಟೆ, ಔಷಧಿ ಎಲ್ಲವೂ ಆಗಬೇಕು. ಒಳ್ಳೆಯ ಎತ್ತಿಗೆ ಹೆಚ್ಚು ಕೊಟ್ಟರೆ ಬಂಡಿ ಬೇಗ ಸಾಗುತ್ತದೆ, ಆದರೆ ಚೀಲದಲ್ಲಿ ಹಿಟ್ಟು ಕಡಿಮೆ. ಬಟ್ಟೆಯಲ್ಲಿ ಉಳಿಸಿದವರನ್ನು ಚಳಿ ಹಿಡಿಯುತ್ತದೆ. ಕೂಡುವ, ಕಳೆಯುವ ಲೆಕ್ಕ ಇಲ್ಲಿ ಮನೆಯ ಯಜಮಾನನ ತಲೆನೋವು. ಮೇಷ್ಟರು ಕೇಳದಿದ್ದರೂ ಅದನ್ನು ಮಾಡಲೇಬೇಕು.

ಬೇಟೆಗೆ ‘ಬ್ಯಾಂಗ್’ ಎಂಬ ಪದವನ್ನು ಬೇಗ ಟೈಪ್ ಮಾಡಬೇಕು. ಕಾಗುಣಿತ ತಪ್ಪಿದರೆ ಜಿಂಕೆಯೂ ತಪ್ಪಿತು.

ಮುಂದೆ 1974ರಲ್ಲಿ ಮಿನೆಸೋಟದ ಶೈಕ್ಷಣಿಕ ಕಂಪ್ಯೂಟರ್ ಸಂಸ್ಥೆ ಸೇರಿದ ರಾವಿಚ್, ವಲಸಿಗರ ದಿನಚರಿಗಳನ್ನು ಓದಿ, ಯಾವ ಕಷ್ಟ ಎಷ್ಟು ಸಲ ಎದುರಾಗಬೇಕೆಂಬುದನ್ನು ತಿದ್ದಿದರು. ಹೀಗೆ ಮಗು ಎದುರಿಸುವ ಮಳೆ, ಕಾಯಿಲೆ, ಮುರಿದ ಚಕ್ರಗಳ ಹಿಂದೆ ನಿಜವಾಗಿ ನಡೆದು ಹೋದವರ ಬರಹವಿದೆ.

ಗಣಿತದ ಮಾತು ಇಲ್ಲಿಗೆ ಸಾಕು. ಅದಕ್ಕಿಂತ ದೊಡ್ಡ ಸಂಗತಿಯೊಂದು ಅದೇ ತರಗತಿಯಲ್ಲಿತ್ತು. ರಾವಿಚ್ ಮಕ್ಕಳಿಗೆ ಪರದೆಯೇ ಇರಲಿಲ್ಲ. ಟೆಲಿಟೈಪ್ ಯಂತ್ರ ಕಾಗದದ ಮೇಲೆ ಕಟಕಟನೆ ಅಚ್ಚೊತ್ತುತ್ತಿತ್ತು. ಇಡೀ ಗುಂಪು ಅದರ ಸುತ್ತ ನಿಲ್ಲುತ್ತಿತ್ತು. ಒಬ್ಬರಿಗೆ ನಕ್ಷೆ, ಒಬ್ಬರಿಗೆ ಹಣದ ಲೆಕ್ಕ, ಬೆರಳು ಚುರುಕಿದ್ದವರಿಗೆ ಬೇಟೆ ಎಂದು ಮಕ್ಕಳೇ ಕೆಲಸ ಹಂಚಿಕೊಂಡರು. ಯಂತ್ರ ಕಡಿಮೆಯಿದ್ದದ್ದರಿಂದ ಮಾತು ಹೆಚ್ಚಾಯಿತು.

ಅವರೆಲ್ಲ ಎಂಟನೇ ತರಗತಿಯವರು. ಇನ್ನೂ ಎಳೆಯರಲ್ಲಿ ಇದು ನಡೆದದ್ದು ಬ್ರಿಟನ್ನಿನಲ್ಲಿ. ಪ್ರಾಥಮಿಕ ಶಾಲೆಗೊಂದು ಕಂಪ್ಯೂಟರ್ ಕೊಳ್ಳಲು ಅಲ್ಲಿನ ಸರ್ಕಾರ 1982ರಲ್ಲಿ ಅರ್ಧ ಹಣ ಕೊಡಲು ಮುಂದಾಯಿತು. ಮರುವರ್ಷ ಮೈಕ್ ಮ್ಯಾಟ್ಸನ್ ಅವರ ‘ಗ್ರ್ಯಾನೀಸ್ ಗಾರ್ಡನ್’ ಬಿಬಿಸಿ ಮೈಕ್ರೋ ಕಂಪ್ಯೂಟರಿಗೆ ಬಂತು. ಪರ್ವತ ರಾಜ್ಯದ ರಾಜ ರಾಣಿಯರ ಆರು ಮಕ್ಕಳನ್ನು ಮಾಟಗಾತಿಯೊಬ್ಬಳು ಬಚ್ಚಿಟ್ಟಿದ್ದಾಳೆ, ಅವರನ್ನು ಬಿಡಿಸಬೇಕು. ಚಿತ್ರಗಳು ಚೌಕ ಚೌಕವಾದ ಬಣ್ಣದ ತುಣುಕುಗಳು, ಕತೆಯೆಲ್ಲ ಓದಿಯೇ ತಿಳಿಯಬೇಕಾದ ವಾಕ್ಯಗಳಲ್ಲಿ. ಮರಿ ಡ್ರ್ಯಾಗನ್‌ಗಳಿಗೆ ಯಾವ ತಿಂಡಿ ಒಡ್ಡಬೇಕೆಂದು ಹಿಂದಿನ ಸಲ ಆದದ್ದನ್ನು ನೆನೆದು ತರ್ಕ ಮಾಡಬೇಕು. ಒಂದು ಘಟ್ಟ ದಾಟಿದಾಗ ಸಿಗುವ ಗುಟ್ಟಿನ ಪದವನ್ನು ಬರೆದಿಟ್ಟುಕೊಳ್ಳದಿದ್ದರೆ ನಾಳೆ ಮತ್ತೆ ಮೊದಲಿನಿಂದ. ಏಳೆಂಟು ವರ್ಷದವರಿಗೆ ಟಿಪ್ಪಣಿ ಮಾಡಿಕೊಳ್ಳುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಓದಲು ತಡವರಿಸುವ ಮಗುವೂ ಮುಂದೇನಾಯಿತೆಂದು ತಿಳಿಯಲು ಪಕ್ಕದವಳ ಜೊತೆ ಸಾಲಿನ ಮೇಲೆ ಬೆರಳಿಡುತ್ತದೆ.

ಅದೇ ಬಿಬಿಸಿ ಮೈಕ್ರೋ 1984ರ ‘ಕ್ಲಾಸ್’ ಯೋಜನೆಯಲ್ಲಿ ಭಾರತದ ಶಾಲೆಗಳಿಗೂ ಬಂತು. ಆದರೆ ಆ ಯೋಜನೆ ಪ್ರೌಢಶಾಲೆ ಮತ್ತು ಅದಕ್ಕೂ ಮೇಲಿನವರದು; ಕತೆಗೆ ಕಿವಿಗೊಡುವ ವಯಸ್ಸಿನವರಿಗೆ ಅದು ತಲುಪಲಿಲ್ಲ.

ಯಂತ್ರಗಳು ಅಗ್ಗವಾದ ಮೇಲೂ ಒಂದೇ ಪರದೆಯ ಪಾಠವನ್ನು ಬೇಕೆಂದೇ ಆರಿಸಿಕೊಂಡವರು ಬ್ರಿಸ್ಟಲ್ ಸಮೀಪದ ಚ್ಯೂ ಮ್ಯಾಗ್ನಾ ಪ್ರಾಥಮಿಕ ಶಾಲೆಯ ಟಿಮ್ ರೈಲಂಡ್ಸ್. ದೊಡ್ಡವರಿಗೆಂದು ಮಾಡಿದ ‘ಮಿಸ್ಟ್’ ಸರಣಿಯ ಒಗಟಿನ ಆಟಗಳನ್ನು ತರಗತಿಯ ಎದುರಿಗೆ ತೆರೆದು, ನಿರ್ಜನ ದ್ವೀಪದಲ್ಲಿ ನಿಧಾನವಾಗಿ ಹೆಜ್ಜೆ ಹಾಕಿಸಿ, ಕಂಡದ್ದನ್ನು ಮಾತಾಡಿಸಿ, ಬರೆಸಿದರು. ಒಗಟು ಬಿಡಿಸುವ ಅವಸರ ಅವರಿಗಿರಲಿಲ್ಲ. 2005ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ತಂತ್ರಜ್ಞಾನ ಸಂಸ್ಥೆ ಬೆಕ್ಟಾ ಈ ಕೆಲಸಕ್ಕೆ ಪ್ರಶಸ್ತಿ ಕೊಟ್ಟಿತು.

ಮಗುವಿಗೊಂದು ಟ್ಯಾಬ್ಲೆಟ್ ಕೊಡಿಸಲು ಹೊರಟಿರುವ ಶಾಲಾ ಮಂಡಳಿಗಳು ಈ ಮೂರು ತರಗತಿಗಳನ್ನು ಒಮ್ಮೆ ಗಮನಿಸಬೇಕು. ಮೂವತ್ತು ಮಕ್ಕಳು ಮೂವತ್ತು ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಬಂಡಿಗೆ ಎಷ್ಟು ಎತ್ತು ಬೇಕೆಂದು ಜಗಳ ತೆಗೆಯುವವರು ಯಾರು? ಆ ದುಡ್ಡಿನಲ್ಲಿ ಒಂದು ಪ್ರೊಜೆಕ್ಟರ್ ಕೊಂಡು, ಉಳಿದದ್ದನ್ನು ನೋಟ್‌ಬುಕ್ಕಿಗೂ ಬಣ್ಣದ ಪೆನ್ಸಿಲ್ಲಿಗೂ ಹಾಕಲಿ.