ಕುರ್ಚಿ ಎಸೆದ ಗುರುಗಳು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ನೋಡೋರಿಗೆ ಈ ದೃಶ್ಯ ಬಾಯಿಪಾಠ. 1985ರ ಫೆಬ್ರವರಿ, ಪರ್ಡ್ಯೂ ವಿರುದ್ಧ ಪಂದ್ಯ. ರೆಫರಿ ಮೇಲೆ ಸಿಟ್ಟಾದ ಇಂಡಿಯಾನಾ ಕೋಚ್ ಬಾಬ್ ನೈಟ್ ಪ್ಲಾಸ್ಟಿಕ್ ಕುರ್ಚಿ ಎತ್ತಿ ಅಂಗಳದೊಳಕ್ಕೆ ಬೀಸಿದ. ಫ್ರೀ ಥ್ರೋಗೆ ನಿಂತಿದ್ದ ಎದುರಾಳಿ ಹುಡುಗನ ಮುಂದೆಯೇ ಅದು ಜಾರಿಕೊಂಡು ಹೋಯ್ತು. ಶಿಕ್ಷೆ? ಒಂದೇ ಪಂದ್ಯದ ನಿಷೇಧ. 1987ರಲ್ಲಿ ಮೂರನೇ ರಾಷ್ಟ್ರೀಯ ಪ್ರಶಸ್ತಿ ಬಂತು, ಕುರ್ಚಿ ಜೋಕಾಯ್ತು.

ಆವೇಶವೇ ತಪ್ಪು ಅನ್ನೋ ಮಡಿವಂತಿಕೆ ನನಗಿಲ್ಲ. 1983ರ ಫೈನಲ್‌ನಲ್ಲಿ ಹ್ಯೂಸ್ಟನ್ ತಂಡವನ್ನ 54–52ರಿಂದ ಸೋಲಿಸಿದಾಗ ನಾರ್ತ್ ಕೆರೊಲೈನಾ ಸ್ಟೇಟ್‌ನ ಜಿಮ್ ವಲ್ವಾನೊ, ತಬ್ಬಿಕೊಳ್ಳೋಕೆ ಯಾರಾದ್ರೂ ಸಿಗ್ತಾರಾ ಅಂತ ಅಂಗಳದ ತುಂಬ ಓಡಾಡಿದ್ದ. ನೋಡಿದರೆ ಈಗಲೂ ನಗು ಬರುತ್ತೆ. ಅದು ಯಾರ ಮೇಲೂ ಎರಗದ ಆವೇಶ.

ನೈಟ್‌ನದು ಹಾಗಲ್ಲ. ಬೆಂಚಿನ ಮೇಲೆ ಕೂತ ಹುಡುಗನ ಸ್ಕಾಲರ್‌ಶಿಪ್, ಆಡೋ ನಿಮಿಷ, ಎಲ್ಲ ಕೋಚ್ ಕೈಲಿ. ಆ ಹುಡುಗ ಕುರ್ಚಿ ಎಸೆದರೆ ಅಶಿಸ್ತು. ಕೋಚ್ ಎಸೆದರೆ ‘ಪ್ಯಾಶನ್’! ಟೀವಿಯಲ್ಲಿ ಕಂಡದ್ದು ತುದಿ ಮಾತ್ರ. 1997ರ ಅಭ್ಯಾಸದ ವಿಡಿಯೊ 2000ದಲ್ಲಿ ಹೊರಬಂತು: ನೈಟ್‌ನ ಕೈ ತನ್ನದೇ ಆಟಗಾರನ ಕುತ್ತಿಗೆಯ ಮೇಲೆ. ವಿಶ್ವವಿದ್ಯಾಲಯ ಆಗಲೂ ದಂಡ, ಕೆಲವು ಪಂದ್ಯಗಳ ನಿಷೇಧ, ಎಚ್ಚರಿಕೆ ಕೊಟ್ಟು ಕೆಲಸದಲ್ಲೇ ಉಳಿಸಿಕೊಂಡಿತು. ಕೆಲಸದಿಂದ ತೆಗೆದದ್ದು ಆ ಸೆಪ್ಟೆಂಬರ್‌ನಲ್ಲಿ, ಇನ್ನೊಬ್ಬ ವಿದ್ಯಾರ್ಥಿಯ ತೋಳು ಹಿಡಿದ ಅನ್ನೋ ದೂರು ಬಂದ ಮೇಲೆ.